ಹತ್ತು ವರ್ಷ ಇಟ್ಟುಕೊಳ್ಳೋಕೆ ಏಳು ಸೀಟಿನ ಗಾಡಿ: ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ನೋಡಿ

ಎರಡು ವರ್ಷದ ಹಿಂದಿನ ಮಳೆಗಾಲ. ಧರ್ಮಸ್ಥಳದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಶಿರಾಡಿ ಘಾಟಿ ಹತ್ತುವಾಗ ಮುಂದೆ ಲಾರಿಗಳ ಸಾಲು, ಮುಕ್ಕಾಲು ಗಂಟೆ ತೆವಳಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಅಂತ ಬಂತು. ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಗಾಡಿಯ ವಾರಂಟಿ ಮುಗಿದು ನಾಲ್ಕು ತಿಂಗಳಾಗಿತ್ತು. ಕ್ಲಚ್ ಸೆಟ್ಟು, ಅದನ್ನು ನಡೆಸುವ ಮೆಕಾಟ್ರಾನಿಕ್ ಎರಡೂ ಹೋಗಿದ್ದವು. ಬಿಲ್ಲು ಎರಡು ಲಕ್ಷದ ಹತ್ತಿರ ಬಂತು.

ಅದು ಡ್ರೈ ಕ್ಲಚ್ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕ್ಲಚ್ ತಣ್ಣಗಾಗಲು ಅದರ ಸುತ್ತ ಎಣ್ಣೆ ಇರುವುದಿಲ್ಲ, ಗಾಳಿಯೇ ಗತಿ. ಖಾಲಿ ರಸ್ತೆಯಲ್ಲಿ ಬೆಣ್ಣೆ ಹಾಗೆ ಓಡುತ್ತದೆ. ಆದರೆ ಏಳು ಜನ, ಲಗೇಜು, ಏರು, ನಿಂತು ನಿಂತು ಹೋಗುವ ಟ್ರಾಫಿಕ್ಕು ಎಲ್ಲ ಸೇರಿದರೆ ಕ್ಲಚ್ ಅರ್ಧಂಬರ್ಧ ಕಚ್ಚಿಕೊಂಡು ಉಜ್ಜುತ್ತಲೇ ಇರುತ್ತದೆ, ಬಿಸಿ ಏರುತ್ತಲೇ ಇರುತ್ತದೆ. ಕೊಳ್ಳುವಾಗ ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶೋರೂಮಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಓಡಾಟ ಬರೆದುಕೊಳ್ಳಿ. ದಿನಾ ಎಷ್ಟು ಕಿಲೋಮೀಟರ್, ಅದರಲ್ಲಿ ಟ್ರಾಫಿಕ್ ಎಷ್ಟು, ಊರಿಗೆ ತಿಂಗಳಿಗೆ ಎಷ್ಟು ಸಲ, ದಾರಿಯಲ್ಲಿ ಘಾಟಿ ಇದೆಯಾ, ಗಾಡಿ ವಾರಗಟ್ಟಲೆ ನಿಂತಿರುತ್ತದಾ. ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ಇದು ಬೇಕು. ಹುಬ್ಬಳ್ಳಿ–ಬೆಂಗಳೂರು ಓಡುವವರ ಹತ್ತಿರ ಹತ್ತು ವರ್ಷ ಗಟ್ಟಿಯಾಗಿ ನಿಂತ ಗಾಡಿಯೇ ಜಯನಗರದಿಂದ ಮಕ್ಕಳ ಸ್ಕೂಲಿಗೆ ಮಾತ್ರ ಹೋಗಿ ಬರುವವರ ಕೈಯಲ್ಲಿ ಮೂರೇ ವರ್ಷಕ್ಕೆ ಕಾಟ ಕೊಡಬಹುದು.

ಡೀಸೆಲ್ ವಿಷಯ ನೋಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಈ ಸೈಜಿನ ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಬಂತು. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಸುಟ್ಟು ಹಾಕುವ ಫಿಲ್ಟರ್ ಅದು. ಸುಡಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನೀವು ದಿನಾ ನಾಲ್ಕು ಕಿಲೋಮೀಟರ್ ಹೋಗಿ ಆಫ್ ಮಾಡಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಕಟ್ಟಿಕೊಳ್ಳುತ್ತದೆ. ಸುಡಲು ಅಂತ ಜಾಸ್ತಿ ಬಿಟ್ಟ ಡೀಸೆಲ್ ಮೆಲ್ಲಗೆ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ ಇದೇ ಅನುಮಾನ. ತೆಳುವಾದ ಆಯಿಲ್ ಟರ್ಬೊಗೂ ಬೇರಿಂಗ್‌ಗೂ ಒಳ್ಳೆಯದಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೈವೇಯಲ್ಲಿ ಓಡಿಸೋಕೆ ಆಗುವುದಿಲ್ಲ ಅಂದರೆ, ಹಣ ಎಷ್ಟೇ ಇದ್ದರೂ ಡೀಸೆಲ್ ಬೇಡ ಅಂತಲೇ ನಾನು ಹೇಳುತ್ತೇನೆ.

ಎರಡನೇದು, ಗಾಡಿಯ ಹೆಸರು ಬಿಟ್ಟು ಅದರ ಎಂಜಿನ್ ಮತ್ತು ಗೇರ್‌ಬಾಕ್ಸ್ ರಸ್ತೆಗೆ ಬಂದು ಎಷ್ಟು ವರ್ಷವಾಯಿತು ಅಂತ ಹುಡುಕಿ. ಈಗಿನ ಟಾಟಾ ಸಫಾರಿ ಬಂದಿದ್ದು 2021ರಲ್ಲಿ. ಆದರೆ ಅದರ 2 ಲೀಟರ್ ಡೀಸೆಲ್ ಫಿಯೆಟ್ ಮೂಲದ್ದು, 2017ರಿಂದ ಜೀಪ್ ಕಂಪಾಸ್‌ನಲ್ಲಿ, 2019ರಿಂದ ಹ್ಯಾರಿಯರ್‌ನಲ್ಲಿ ಓಡುತ್ತಿದೆ. ಅಂದರೆ ಆ ಎಂಜಿನ್ ಬಿಚ್ಚಿ ನೋಡಿದ ಮೆಕ್ಯಾನಿಕ್‌ಗಳು ಊರಲ್ಲಿ ಸಿಗುತ್ತಾರೆ. ಕಿಯಾ ಕ್ಯಾರೆನ್ಸ್ ಮತ್ತು ಹ್ಯುಂಡೈ ಅಲ್ಕಜಾರ್‌ನ 1.5 ಲೀಟರ್ ಡೀಸೆಲ್ ಕೂಡ ಸೆಲ್ಟೋಸ್, ಕ್ರೆಟಾಗಳಲ್ಲಿ ಪಳಗಿದ್ದೇ. ಅದಕ್ಕೆ ಆಟೊಮ್ಯಾಟಿಕ್ ಬೇಕೆಂದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಶಕ್ತಿ ದಾಟಿಸುವ ಗೇರ್‌ಬಾಕ್ಸ್) ಸಿಗುತ್ತದೆ, ಟರ್ಬೊ ಪೆಟ್ರೋಲ್ ತಗೊಂಡರೆ ಡಿಸಿಟಿ. ಒಂದೇ ಗಾಡಿ, ಒಂದೇ ಬಣ್ಣ, ಒಳಗೆ ಬೇರೆ ಬೇರೆ ಗೇರ್‌ಬಾಕ್ಸ್! ಹಾಗಾಗಿ "ಈ ಗಾಡಿ ಗಟ್ಟಿನಾ?" ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಅಂತ ಸೇರಿಸಿ ಕೇಳಿ. ಟ್ರಾಫಿಕ್ ಮತ್ತು ಘಾಟಿ ಎರಡೂ ಇದ್ದರೆ ಟಾರ್ಕ್ ಕನ್ವರ್ಟರ್ ನನ್ನ ಆಯ್ಕೆ. ಮೈಲೇಜ್ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ.

ಹೊಸ ಮಾಡೆಲ್ ಬಂದ ಮೊದಲ ವರ್ಷ ತಗೋಬೇಡಿ, ಸ್ವಲ್ಪ ತಡೆಯಿರಿ. ಎಕ್ಸ್‌ಯುವಿ700 ಬಂದಿದ್ದು 2021ರಲ್ಲಿ. 2023ರ ಆಗಸ್ಟ್‌ನಲ್ಲಿ ಎಂಜಿನ್ ಹತ್ತಿರದ ವೈರಿಂಗ್ ನೋಡಲು ಅಂತ ಮಹೀಂದ್ರಾ ಒಂದು ಲಕ್ಷಕ್ಕೂ ಜಾಸ್ತಿ ಗಾಡಿಗಳನ್ನು ವಾಪಸ್ ಕರೆಯಿತು. ತಪ್ಪು ಗೊತ್ತಾದಾಗ ಕರೆದು ಸರಿ ಮಾಡಿಕೊಡುವುದು ಒಳ್ಳೆಯದೇ. ಆದರೆ ಆ ಓಡಾಟ ನಿಮಗೆ ಯಾಕೆ? ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಚಾಸಿ ನಂಬರ್ ಕೊಟ್ಟು, ರೀಕಾಲ್ ಕೆಲಸ ಮುಗಿದಿದೆಯಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಇನ್ನೋವಾ ಬಗ್ಗೆ ಹೇಳದೆ ಈ ಮಾತು ಮುಗಿಯಲ್ಲ ಅಲ್ವಾ. ಅದು ಎಸ್‌ಯುವಿ ಅಲ್ಲ, ಗೊತ್ತು. ಆದರೂ ನಮ್ಮ ಬಿಡದಿಯಲ್ಲೇ ತಯಾರಾಗುವ ಈ ಗಾಡಿ 2005ರಿಂದ ನಮ್ಮ ರಸ್ತೆಯಲ್ಲಿದೆ, ಮೂರು ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಹಳದಿ ಬೋರ್ಡಿನ ಟ್ಯಾಕ್ಸಿ ಇನ್ನೋವಾ ಕ್ರಿಸ್ಟಾಗಳು ಏರ್‌ಪೋರ್ಟ್ ರಸ್ತೆಯಲ್ಲಿ ಈಗಲೂ ಕಾಣುತ್ತವೆ. ಒಬ್ಬ ಡ್ರೈವರ್ ಅಣ್ಣನನ್ನು ಕೇಳಿ ನೋಡಿ: ಎಷ್ಟು ಓಡಿದೆ, ಟೈರು, ಬ್ರೇಕು, ಕ್ಲಚ್ಚು ಬಿಟ್ಟು ಬೇರೆ ಏನು ಬದಲಾಯಿಸಿದ್ದೀರಿ? ಶೋರೂಮಿನ ಒಂದು ಗಂಟೆಯ ಮಾತಿಗಿಂತ ಅವರ ಐದು ನಿಮಿಷದ ಮಾತು ದೊಡ್ಡದು. ಒಂದು ಮಾತ್ರ ನೆನಪಿರಲಿ. ಟ್ಯಾಕ್ಸಿ ದಿನಾ ಓಡುತ್ತದೆ, ಎಂಜಿನ್ ದಿನಾ ಬಿಸಿಯಾಗುತ್ತದೆ, ಆಯಿಲ್ ಬೇಗ ಬೇಗ ಬದಲಾಗುತ್ತದೆ. ಮನೆಯ ಗಾಡಿ ನಿಂತು ನಿಂತು ಹಾಳಾಗುತ್ತದೆ. ರಬ್ಬರ್, ಸೀಲ್, ಬ್ಯಾಟರಿ ಇವೆಲ್ಲ ಕಿಲೋಮೀಟರ್ ನೋಡಿ ಸವೆಯುವುದಿಲ್ಲ, ವರ್ಷ ನೋಡಿ ಸವೆಯುತ್ತವೆ.

ಕ್ರಿಸ್ಟಾ ಡೀಸೆಲ್ 2023ರಿಂದ ಮ್ಯಾನುಯಲ್‌ನಲ್ಲಿ ಮಾತ್ರ ಬರುತ್ತಿದೆ. ಸಿಟಿಯವರಿಗೆ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರುವುದು) ಚೆನ್ನಾಗಿ ಹೊಂದುತ್ತದೆ. ಅದರ ಇ-ಸಿವಿಟಿ ಗೇರ್‌ಬಾಕ್ಸ್ ಹೆಸರಿಗೆ ಮಾತ್ರ ಸಿವಿಟಿ, ಅಂದರೆ ಬೆಲ್ಟ್ ಮೇಲೆ ನಡೆಯುವ ಆಟೊಮ್ಯಾಟಿಕ್. ಒಳಗೆ ಬೆಲ್ಟ್ ಇಲ್ಲ, ಕ್ಲಚ್ಚೂ ಇಲ್ಲ, ಒಂದಿಷ್ಟು ಗೇರ್ ಚಕ್ರ ಮತ್ತು ಮೋಟರ್ ಅಷ್ಟೇ. ಸವೆಯುವ ಭಾಗವೇ ಕಡಿಮೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಆ ಬ್ಯಾಟರಿಗೆ ತಂಪು ಗಾಳಿ ಹೋಗುವ ಕಿಂಡಿ ಎಲ್ಲಿದೆ ಅಂತ ಡೆಲಿವರಿ ದಿನವೇ ಕೇಳಿಕೊಳ್ಳಿ, ಅಲ್ಲಿ ಚೀಲ ಇಡಬೇಡಿ, ಧೂಳು ಕೂರಲು ಬಿಡಬೇಡಿ. ಹೈಬ್ರಿಡ್ ಅಲ್ಲದ ಪೆಟ್ರೋಲ್ ಹೈಕ್ರಾಸ್‌ನಲ್ಲಿ ಇರುವುದು ಮಾಮೂಲಿ ಬೆಲ್ಟ್ ಸಿವಿಟಿ, ಎರಡೂ ಒಂದೇ ಅಂದುಕೊಳ್ಳಬೇಡಿ.

ಇನ್ನೊಂದು ಕೆಲಸ ಮಾಡಿ, ಇದಕ್ಕೆ ಖರ್ಚಿಲ್ಲ. ನಿಮಗೆ ಇಷ್ಟವಾದ ಗಾಡಿಯ ಐದು ವರ್ಷ ಹಳೆಯದನ್ನು ಸೆಕೆಂಡ್ ಹ್ಯಾಂಡ್ ಯಾರ್ಡಿಗೆ ಹೋಗಿ ನೋಡಿ. ಮೂರನೇ ಸಾಲಿನಲ್ಲಿ ಕೂತು ಎಸಿ ಹಾಕಿಸಿ, ಹಿಂದಕ್ಕೆ ತಣ್ಣನೆ ಗಾಳಿ ಬರುತ್ತದಾ? ಸೀಟು ಮಡಚಿ, ಬಿಚ್ಚಿ, ಸದ್ದು ಕೇಳಿ. ಟಚ್‌ಸ್ಕ್ರೀನ್ ಮುಟ್ಟಿ. ಗಾಡಿಯನ್ನು ಹಿಂದಿನಿಂದ ನೋಡಿ, ಹಿಂಭಾಗ ಕುಸಿದಿದೆಯಾ? ಏಳು ಸೀಟಿನ ಗಾಡಿಯ ನಿಜ ಬಣ್ಣ ಹಿಂದಿನ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್‌ಗಳಲ್ಲೇ ಗೊತ್ತಾಗುವುದು.

ಪನೋರಮಿಕ್ ಸನ್‌ರೂಫ್ ಮಕ್ಕಳಿಗೆ ಖುಷಿ. ಆದರೆ ಮಲೆನಾಡಿನಲ್ಲಿ ಮರದ ಕೆಳಗೆ ನಿಲ್ಲಿಸುವವರು ಯೋಚಿಸಿ. ಅದರ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ಪೈಪು ಇರುತ್ತದೆ, ಎಲೆ ಕಸ ಕಟ್ಟಿಕೊಂಡರೆ ಮಳೆ ನೀರು ಗಾಡಿಯೊಳಗೆ, ಅಲ್ಲಿಂದ ವೈರಿಂಗ್‌ಗೆ. ಉಡುಪಿ, ಮಂಗಳೂರು ಕಡೆಯವರಿಗೆ ಉಪ್ಪು ಗಾಳಿ, ಗಾಡಿಯ ಅಡಿಯನ್ನು ವರ್ಷಕ್ಕೊಮ್ಮೆ ಎತ್ತಿಸಿ ತುಕ್ಕು ನೋಡಿಸಿ. ಇಲಿ ಕಾಟ ಇರುವ ಕಡೆ ಬಾನೆಟ್ ಆಗಾಗ ತೆಗೆದು ನೋಡಿ.

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಗಾಡಿಗೆ ಲೈಫ್ ಟ್ಯಾಕ್ಸೇ 18 ಪರ್ಸೆಂಟ್. ಇಷ್ಟು ಕಟ್ಟಿ ನಾಲ್ಕೇ ವರ್ಷಕ್ಕೆ ಮಾರಿದರೆ ನಷ್ಟ ನಿಮಗೇ. ಆದ್ದರಿಂದ ಕೊನೆಯ ಕೆಲಸ, ಎಕ್ಸ್‌ಟೆಂಡೆಡ್ ವಾರಂಟಿ. ಮೂಲ ವಾರಂಟಿ ಮುಗಿಯುವ ಮುಂಚೆಯೇ ತಗೋಬೇಕು, ತಡ ಮಾಡಿದಷ್ಟು ದುಬಾರಿಯಾಗುತ್ತದೆ. ದುಡ್ಡು ಕಟ್ಟುವ ಮುಂಚೆ ಅದರ ಕಾಗದ ಕೈಗೆ ತಗೊಂಡು ಕೂತು ಓದಿ. ಗೇರ್‌ಬಾಕ್ಸ್ ಒಳಗಿನ ಎಲೆಕ್ಟ್ರಾನಿಕ್ಸ್, ಟರ್ಬೊ, ಇಂಜೆಕ್ಟರ್, ಡಿಪಿಎಫ್, ಹಿಂದಿನ ಎಸಿ, ಟಚ್‌ಸ್ಕ್ರೀನ್ ಇವು ಒಂದೊಂದೂ ಹೆಸರು ಸಮೇತ ಇದೆಯಾ ನೋಡಿ. ಇಲ್ಲದಿದ್ದರೆ ಬರೆದು ಕೊಡಿ ಅಂತ ಕೇಳಿ. ನಾವು ಅವತ್ತು ಸುಮ್ನೆ ಇಪ್ಪತ್ತು ಸಾವಿರ ಉಳಿಯಿತು ಅಂತ ಅದನ್ನು ಬೇಡ ಅಂದಿದ್ದೆವು.