ನಿಮ್ಮ ಎಂಪಿ ಸೇನೆ ಬಗ್ಗೆ ಸರ್ಕಾರನ ಏನು ಕೇಳಿದಾರೆ? ಹುಡುಕೋದು ಹೀಗೆ

ಟಿವಿಲಿ ಗಡಿ ಬಗ್ಗೆ ಗಂಟಲು ಹರ್ಕೊಳ್ಳೋ ನಮ್ಮ ಎಂಪಿಗಳು ಸಂಸತ್ತಲ್ಲಿ ರಕ್ಷಣಾ ಇಲಾಖೆನ ಒಂದು ಪ್ರಶ್ನೆನಾದ್ರೂ ಕೇಳಿದಾರಾ ಅಂತ ನೋಡೋಕೆ ಫೋನ್ ಇದ್ರೆ ಸಾಕು.

ಸಂಸದ್ ಡಾಟ್ ಇನ್ ಓಪನ್ ಮಾಡಿ, ಲೋಕಸಭೆ ಒಳಗೆ ಕ್ವೆಶ್ಚನ್ಸ್‌ಗೆ ಹೋಗಿ, ಎಂಪಿ ಹೆಸರು ಹಾಕಿ, ಮಿನಿಸ್ಟ್ರಿ ಜಾಗದಲ್ಲಿ ಡಿಫೆನ್ಸ್ ಆರಿಸಿ. ಸ್ಟಾರ್ ಹಾಕಿರೋ ಪ್ರಶ್ನೆಗೆ ಸಚಿವರು ಸದನದಲ್ಲೇ ಎದ್ದು ನಿಂತು ಉತ್ತರ ಕೊಡ್ಬೇಕು, ಉಪಪ್ರಶ್ನೆನೂ ಎದುರಿಸ್ಬೇಕು, ಆದ್ರೆ ದಿನಕ್ಕೆ 20 ಮಾತ್ರ, ಗಲಾಟೆ ಆದ್ರೆ ಅದೂ ಇಲ್ಲ. ಸ್ಟಾರ್ ಇಲ್ದೇ ಇರೋವು 230, ಉತ್ತರ ಬರಹದಲ್ಲಿ. ಅಂಕಿಅಂಶ ಬೇಕಿದ್ರೆ ಇವನ್ನೇ ಮೊದ್ಲು ಓದಿ. ಅಂದಹಾಗೆ ನಿಮ್ಮ ಎಂಪಿ ಸಚಿವರಾಗಿದ್ರೆ ಪ್ರಶ್ನೆ ಸೊನ್ನೆ ಇರತ್ತೆ, ಬೈಬೇಡಿ, ಅವ್ರು ಉತ್ತರ ಕೊಡೋ ಕಡೆಯವ್ರು. ಭದ್ರತೆ ಕಾರಣಕ್ಕೆ ಹೇಳಕ್ಕಾಗಲ್ಲ ಅಂತ ಒಂದೇ ಸಾಲಲ್ಲಿ ಮುಗಿಸಿರೋ ಉತ್ತರಗಳೂ ಸಿಗ್ತವೆ, ಕೆಲವು ಸಲ ಅದು ಸರಿನೂ ಹೌದು.

ನಿಜವಾದ ಸರಕು ಇರೋದು ಮಾತ್ರ ಎಂಪಿಗಳ ಕಮಿಟಿ ರಿಪೋರ್ಟಲ್ಲಿ. ರಕ್ಷಣಾ ಸ್ಥಾಯಿ ಸಮಿತಿಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಸಚಿವರಿಗೆ ಜಾಗ ಇಲ್ಲ. ಮೀಟಿಂಗ್ ಬಾಗಿಲು ಹಾಕ್ಕೊಂಡು ನಡೆಯತ್ತೆ, ಕ್ಯಾಮೆರಾ ಇಲ್ಲ, ಹಾಗಾಗಿ ಆಳೋ ಪಕ್ಷದವ್ರೂ ಖಡಕ್ಕಾಗಿ ಕೇಳ್ತಾರೆ. ಬಜೆಟ್ ಆದ್ಮೇಲೆ ಬರೋ ಡಿಮ್ಯಾಂಡ್ಸ್ ಫಾರ್ ಗ್ರಾಂಟ್ಸ್ ರಿಪೋರ್ಟ್ ಡೌನ್‌ಲೋಡ್ ಮಾಡಿ, ಪ್ರೊಜೆಕ್ಷನ್ ಅಂತ ಒಂದು ಕಾಲಂ, ಪಕ್ಕದಲ್ಲಿ ಅಲೊಕೇಶನ್ ಅಂತ ಇನ್ನೊಂದು ಇರತ್ತೆ, ಅಂದ್ರೆ ಸೇನೆ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು. ಎರಡರ ನಡುವಿನ ಗ್ಯಾಪ್ ನೋಡಿದ್ರೆ ಭಾಷಣ ಎಲ್ಲಾ ಮರ್ತೋಗತ್ತೆ. 2018ರ ಮಾರ್ಚ್‌ನಲ್ಲಿ ಭೂಸೇನೆ ಸಾಮಗ್ರಿಲಿ 68% ಹಳೇಕಾಲದ್ದು ಅಂತ ಇಡೀ ದೇಶಕ್ಕೆ ಗೊತ್ತಾಗಿದ್ದು ಇಂಥದ್ದೇ ರಿಪೋರ್ಟಿಂದ, ಆಗ ಅಧ್ಯಕ್ಷರಾಗಿದ್ದೋರು ಬಿಜೆಪಿಯವ್ರೇ ಆದ ಖಂಡೂರಿ. ಇಷ್ಟಕ್ಕೇ ನಿಲ್ಸಬೇಡಿ, ಆಕ್ಷನ್ ಟೇಕನ್ ರಿಪೋರ್ಟ್ ಅಂತ ಇನ್ನೊಂದು ಬರತ್ತೆ, ಸಮಿತಿ ಹೇಳಿದ್ರಲ್ಲಿ ಸರ್ಕಾರ ಯಾವ್ದನ್ನ ಒಪ್ತು, ಯಾವ್ದನ್ನ ಜಾರಿಸ್ತು ಅಂತ ಅದ್ರಲ್ಲಿ ಗೊತ್ತಾಗೋದು.

ಆಮೇಲೆ ಪಿಎಸಿ, ಅಂದ್ರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡೋ ಸಿಎಜಿ ರಿಪೋರ್ಟ್ ನೋಡೋದು ಇವ್ರೇ, ಅಧ್ಯಕ್ಷರು ವಿರೋಧ ಪಕ್ಷದೋರು. ರಫೇಲ್ ಯುದ್ಧವಿಮಾನ ಖರೀದಿ ಗಲಾಟೆ ಟೈಮಲ್ಲಿ ಆಗಿನ ಕಲಬುರಗಿ ಎಂಪಿ ಮಲ್ಲಿಕಾರ್ಜುನ ಖರ್ಗೆ ಆ ಸೀಟಲ್ಲಿದ್ರು. 2018ರ ಡಿಸೆಂಬರ್ ತೀರ್ಪಲ್ಲಿ ಸುಪ್ರೀಂ ಕೋರ್ಟು ಬೆಲೆ ಬಗ್ಗೆ ಸಿಎಜಿ ರಿಪೋರ್ಟನ್ನ ಪಿಎಸಿ ನೋಡಿದೆ ಅಂತ ಬರೀತು, ಖರ್ಗೆ ನಾನಂತೂ ನೋಡಿಲ್ಲ ಅಂದ್ರು, ಸರ್ಕಾರ ತೀರ್ಪಲ್ಲಿ ತಿದ್ದುಪಡಿ ಕೇಳ್ಕೊಂಡು ಕೋರ್ಟಿಗೆ ಓಡ್ತು. ರಿಪೋರ್ಟ್ ಸದನಕ್ಕೆ ಬಂದಿದ್ದು 2019ರ ಫೆಬ್ರವರಿಲಿ, ಅದೂ ಬೆಲೆ ಮರೆಮಾಚಿ!

ಗುಪ್ತಚರ ಸಂಸ್ಥೆಗಳಾದ ಐಬಿ, ರಾ ಬಗ್ಗೆ ಹುಡುಕಿದ್ರೆ ಜಾಸ್ತಿ ಸಿಗಲ್ಲ, ಅವುಗಳ ಮೇಲೆ ಕಣ್ಣಿಡೋಕೆ ಅಂತಲೇ ಸಂಸತ್ತಲ್ಲಿ ಸಮಿತಿ ಇಲ್ಲ. 2011ರಲ್ಲಿ ಕಾಂಗ್ರೆಸ್ ಎಂಪಿ ಮನೀಶ್ ತಿವಾರಿ ಈ ಬಗ್ಗೆ ಖಾಸಗಿ ಮಸೂದೆ (ಸಚಿವರಲ್ಲದ ಎಂಪಿ ತರೋದು) ತಂದಿದ್ರು, ಕಾನೂನಾಗ್ಲಿಲ್ಲ.

ನಿಮ್ಮ ಪ್ರಶ್ನೆನ ಎಂಪಿ ಕೈಲಿ ಕೇಳಿಸ್ಬೇಕಾ? ಅಧಿವೇಶನ ಶುರುವಾಗೋಕೆ ಒಂದು ತಿಂಗ್ಳು ಮುಂಚೆನೇ ಮೇಲ್ ಹಾಕಿ, ಉತ್ತರದ ದಿನಕ್ಕೆ ಕನಿಷ್ಠ 15 ದಿನ ಮುಂಚೆ ಅವ್ರು ನೋಟಿಸ್ ಕೊಡ್ಬೇಕು. ಕ್ಷಿಪಣಿ ಎಲ್ಲಿಟ್ಟಿದೀರಿ ಅಂತ ಕೇಳಿದ್ರೆ ಅಲ್ಲೇ ರಿಜೆಕ್ಟು. ಕಾರವಾರದ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟವ್ರಲ್ಲಿ ಎಷ್ಟು ಜನಕ್ಕೆ ಪರಿಹಾರ ಬಾಕಿ, ವರ್ಷವಾರು ಕೊಡಿ ಅಂತ ಕೇಳಿ, ಇದ್ರಲ್ಲಿ ಸೀಕ್ರೆಟ್ ಅಂತ ಹೇಳೋಕೆ ಏನೂ ಇಲ್ಲ.