ಗದ್ದೆಯಲ್ಲಿ ಕ್ವಿಡಿಚ್: ಅಂಕದ ಲೆಕ್ಕ ಸರಿಮಾಡಿದ್ದು ಹೀಗೆ

ಬದಿಯಡ್ಕದ ನಮ್ಮ ಮನೆಗೆ ರಜೆಯಲ್ಲಿ ಅಕ್ಕನ ಮಕ್ಕಳು ಬಂದಿದ್ದರು. ಹ್ಯಾರಿ ಪಾಟರ್ ಸಿನಿಮಾದ ಕ್ವಿಡಿಚ್, ಅಂದರೆ ಹಿಡಿಸೂಡಿ (ಪೊರಕೆ) ಏರಿ ಹಾರುತ್ತಾ ಚೆಂಡನ್ನು ಬಳೆಯೊಳಗೆ ಎಸೆದು ಗೋಲು ಹಾಕುವ ಆಟ, ಆಡಬೇಕೆಂದು ಒಂದೇ ಹಟ. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರದ ಕಂಬ ನೆಟ್ಟು, ತುದಿಗೆ ಹಳೆಯ ಸೈಕಲ್ ಟಯರ್ ಕಟ್ಟಿದೆವು. ಒಂದು ಕಡೆಗೆ ಮೂರು. ಗೋಲಿಗೆ 10 ಅಂಕ.

ಸ್ನಿಚ್ ಎಂದರೆ ಕಥೆಯಲ್ಲಿ ತಾನೇ ಹಾರಾಡುವ ಪುಟ್ಟ ಚೆಂಡು, ಹಿಡಿದರೆ ಆಟ ಮುಗಿಯಿತು. ಅದನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಮೊದಲೇ ಇತ್ತು. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಹುಡುಗರು 2005ರಲ್ಲೇ ಇದನ್ನು ನೆಲದ ಮೇಲೆ ಆಡಿದ್ದರು. ಕಾಲುಚೀಲದೊಳಗೆ ಟೆನಿಸ್ ಚೆಂಡು ಹಾಕಿ ಒಬ್ಬನ ಸೊಂಟಕ್ಕೆ ಸಿಕ್ಕಿಸಿದರಾಯಿತು, ಅವನೇ ಸ್ನಿಚ್. ಎಷ್ಟು ಚಂದದ ಉಪಾಯ ಅಲ್ವಾ! 2022ರಿಂದ ಆ ಆಟದ ಹೆಸರು ಕ್ವಾಡ್‌ಬಾಲ್.

ತೊಂದರೆ ಬಂದದ್ದು ಅಂಕದಲ್ಲಿ. ಕಥೆಯಲ್ಲಿದ್ದ ಹಾಗೆ ಸ್ನಿಚ್ಚಿಗೆ 150 ಕೊಟ್ಟೆವು. ಒಂದು ತಂಡ 12 ಗೋಲು ಹಾಕಿತು. ಗೋಲೇ ಹಾಕದವರು ಸ್ನಿಚ್ ಹಿಡಿದು ಗೆದ್ದರು. "ಮಾವ, ಹಾಗಾದರೆ ನಾವು ಸುಮ್ನೆ ಓಡಿದ್ದಾ?" ಎಂದು ಸಣ್ಣವಳು ಅತ್ತೇಬಿಟ್ಟಳು. ಅವಳು ಕೇಳಿದ್ದು ಸರಿಯೇ.

ಮರುದಿನ ಸ್ನಿಚ್ಚಿಗೆ 30 ಮಾಡಿದೆ. ಮೊದಲ 15 ನಿಮಿಷ ಅದು ಗದ್ದೆಗೆ ಇಳಿಯಲೇಬಾರದು ಎಂದೂ ಹೇಳಿದೆ. ಈಗ ಮೂರು ಗೋಲಿಗೆ ಒಂದು ಸ್ನಿಚ್ ಸಮ. ಹಿಂದೆ ಬಿದ್ದವರಿಗೂ ಆಸೆ ಉಳಿಯಿತು.

ಇನ್ನೊಂದು ಮಾತು. ಕಾಲ ನಡುವೆ ಹಿಡಿಸೂಡಿ ಬೇಡ, ಚುಚ್ಚುತ್ತದೆ. ತೋಟದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು ಸಾಕು. ತುದಿಗೆ ಬಟ್ಟೆ ಸುತ್ತಿ. ಸಂಜೆ ಕತ್ತಲಾದರೂ ಮಕ್ಕಳು ಮನೆಗೆ ಬರಲಿಲ್ಲ.