ದೊಡ್ಡವರ ಫೀಲ್ಡ್ ಟ್ರಿಪ್: ದುಡ್ಡು ಕೇಳಿದ ಮೇಲೆ ಜನ ಬಂದರು

ದೊಡ್ಡವರನ್ನು ತಿಂಗಳಿಗೊಮ್ಮೆ ಫೀಲ್ಡ್ ಟ್ರಿಪ್ ಕರೆದುಕೊಂಡು ಹೋಗ್ತೀನಿ ಅಂದಾಗ, "ಮೈಸೂರಿನವರಿಗೆ ಶ್ರೀರಂಗಪಟ್ಟಣ ತೋರಿಸೋಕೆ ನೀವೇ ಬೇಕಾ?" ಅಂತ ನಮ್ಮ ವಾಕಿಂಗ್ ಗುಂಪಿನವರು ನಕ್ಕಿದ್ದರು. ನೆಂಟರು ಬಂದಾಗಲೆಲ್ಲ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಸುತ್ತಿಸಿ ಸುಸ್ತಾದವರು ಅವರು. ಈಗ ಅವರೇ "ಈ ತಿಂಗಳು ಎಲ್ಲಿಗೆ?" ಅಂತ ಮೆಸೇಜ್ ಹಾಕುತ್ತಾರೆ.

ಮೊದಲು ಫ್ರೀ ಇಟ್ಟಿದ್ದೆ. ವಾಟ್ಸಾಪ್‌ನಲ್ಲಿ ಮೂವತ್ತು ಚಿಲ್ಲರೆ ಜನ ಹೆಬ್ಬೆಟ್ಟು ಒತ್ತಿದರು, ಭಾನುವಾರ ಬೆಳಿಗ್ಗೆ ಸ್ಟೇಷನ್‌ಗೆ ಬಂದವರು ಆರೇಳು. ಆಮೇಲೆ ಬಾಡಿಗೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಒಂದೇ ದಿನ ಐದು ಜಾಗ ಇಟ್ಟೆ. ಜನವೇನೋ ಬಂದರು, ಆದರೆ ಗಾಡಿಯಲ್ಲಿ ಕೂತಿದ್ದೇ ಜಾಸ್ತಿ, ಗಂಡ ಹೆಂಡತಿ ಅವರವರ ಪಾಡಿಗೆ ಜೋಡಿ ಸೀಟು ಹಿಡಿದರು, ಸಂಜೆವರೆಗೂ ಯಾರಿಗೆ ಯಾರ ಪರಿಚಯವೂ ಆಗಲಿಲ್ಲ. ಬಾಡಿಗೆ, ಊಟ ಸೇರಿ ಹತ್ತು ಸಾವಿರದ ಹತ್ತಿರ ಆಯಿತು, ಕೈಯಿಂದ ಮೂರು ಸಾವಿರ ಹೋಯಿತು. ಇನ್ನೊಂದು ಸಲ ನಿವೃತ್ತ ಮೇಷ್ಟ್ರೊಬ್ಬರನ್ನು ಮಾತಿಗೆ ಕರೆದೆ. ಬಿಸಿಲಲ್ಲಿ ನಿಲ್ಲಿಸಿ ಒಂದು ಗಂಟೆ ರಾಜವಂಶಾವಳಿ ಹೇಳಿದರು. ಮುಂದಿನ ಸಲ ಅರ್ಧ ಜನ ನಾಪತ್ತೆ.

ಕೊನೆಗೆ ಕೈಹಿಡಿದದ್ದು ಇಷ್ಟೇ: ಒಂದೇ ಜಾಗ, ಅರ್ಧ ದಿನ, ಹನ್ನೆರಡು ಹದಿಮೂರು ಜನ, ರೈಲಲ್ಲಿ ಪ್ರಯಾಣ, ತಲೆಗೆ 200 ರೂಪಾಯಿ ಮುಂಗಡ. ಬರದಿದ್ದರೆ ವಾಪಸ್ ಇಲ್ಲ. ದುಡ್ಡು ಕೊಟ್ಟವರು ಜ್ವರ ಇದ್ದರೂ ಬರುತ್ತಾರೆ!

ಚೆನ್ನಾಗಿ ಆಗಿದ್ದು ಬಂಗಾರದೊಡ್ಡಿ ನಾಲೆ. ರಣಧೀರ ಕಂಠೀರವರ ಕಾಲದ್ದು, 17ನೇ ಶತಮಾನದ್ದು, ಕಾವೇರಿಯ ಒಂದು ಕವಲಿನ ಮೇಲೇ ಹಾದು ಪಟ್ಟಣದ ಕಡೆ ಬರುತ್ತದೆ. ನಾನು ಏನೂ ವಿವರಿಸಲಿಲ್ಲ. "ಹೊಳೆ ಮೇಲೆ ನಾಲೆ ದಾಟಿದ್ದು ಹೇಗೆ, ನೀವೇ ಹೇಳಿ" ಅಂದೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರೊಬ್ಬರು ನೀರಿನ ಓಟ ನೋಡೋಕೆ ಜಡೆಯಿಂದ ಸೇವಂತಿಗೆ ಕಿತ್ತು ನೀರಿಗೆ ಬಿಟ್ಟರು, ಪಕ್ಕದವರು ವಾಚ್ ಹಿಡಿದು ಹತ್ತು ಹೆಜ್ಜೆ ದೂರಕ್ಕೆ ಎಷ್ಟು ಹೊತ್ತು ಅಂತ ಎಣಿಸಿದರು. ಹೂವು ದಡದ ಹುಲ್ಲಿಗೆ ಸಿಕ್ಕಿಕೊಂಡಿತು. ಇನ್ನೊಂದು ಬಿಟ್ಟರು. ಮೊದಲೇ ಮಾತಾಡಿಟ್ಟಿದ್ದ ರೈತರೊಬ್ಬರು ಬಂದು ನಗುತ್ತಾ, "ಹೂವಲ್ಲಿ ಏನ್ ಅಳೀತೀರವ್ವ, ಗದ್ದೆಗೆ ಬನ್ನಿ" ಅಂದರು. ಕಟ್ಟು ನೀರು ಅಂದರೇನು, ನಾಲೆಗೆ ನೀರು ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿದರೆ ಕೊನೇ ಗದ್ದೆಯವನ ಗತಿಯೇನು ಅಂತ ಬದುವಿನ ಮೇಲೆ ನಿಂತು ತೋರಿಸಿದರು. ಅವರಿಗೆ ಶಾಲು ಹಾರ ಇಲ್ಲ, ಕೈಗೆ 500 ಕೊಟ್ಟೆ. ಹೀಗೆ ಕೆಲಸ ಮಾಡುವವರ ಬಾಯಲ್ಲೇ ಕೇಳಬೇಕು, ಗೈಡ್ ಬೇಡವೇ ಬೇಡ.

ಬಂದವರನ್ನು ಇಬ್ಬಿಬ್ಬರಾಗಿ ಜೋಡಿ ಮಾಡುತ್ತೇನೆ, ಅದರಲ್ಲಿ ಒಂದು ಉಪಾಯ ಇದೆ. ಗಂಡ ಹೆಂಡತಿಯನ್ನು ಬೇರೆ ಹಾಕುತ್ತೇನೆ, ಅಷ್ಟು ಹೇಳಬಲ್ಲೆ. ಯಾರಿಗೆ ಯಾರು ಅಂತ ಹೇಗೆ ಆರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಫೋನೆಲ್ಲ ಒಂದು ಚೀಲಕ್ಕೆ ಹಾಕಿಸಿದ್ದು ಅರ್ಧ ಗಂಟೆಯೂ ನಡೆಯಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, 1804ರದ್ದು, ಅದರ ಕಲ್ಲುಕಂಬ ಪೆನ್ಸಿಲ್‌ನಲ್ಲಿ ಬರೆಸಿದ್ದು ಮಾತ್ರ ಗೆದ್ದಿತು. ಶಾಲೆ ಬಿಟ್ಟ ಮೇಲೆ ಚಿತ್ರವೇ ಬರೆಯದವರು ತಲೆಯೆತ್ತಲಿಲ್ಲ. ಜೋಡಿ ರೈಲು ಹಳಿಗಾಗಿ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನು ಇಡಿಯಾಗಿ ಸುಮಾರು 100 ಮೀಟರ್ ಸರಿಸಿದ್ದಾರಲ್ಲ, ಅಲ್ಲಿ ನಮ್ಮ ಇಬ್ಬರು ನಿವೃತ್ತ ಎಂಜಿನಿಯರುಗಳು ಜಗಳವಾಡಿಕೊಂಡೇ ದೋಸ್ತಿಗಳಾದರು.

ಖರ್ಚು ಕಳೆದು ಪ್ರತಿ ಸಲ ಐನೂರು ಆರುನೂರು ಉಳಿಯುತ್ತದೆ, ಅದು ಮುಂದಿನ ಜಾಗ ಮೊದಲೇ ಹೋಗಿ ನೋಡಿ ಬರೋದಕ್ಕೆ ಸರಿಹೋಗುತ್ತದೆ. ಇನ್ನು ಶಿವನಸಮುದ್ರ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಜಾಗ. ಅಲ್ಲಿಗೆ ರೈಲಿಲ್ಲ, 200 ಸಾಲದು, 450 ಅಂದಿದ್ದೇನೆ. ಇಬ್ಬರು ಆಗಲೇ ಚೌಕಾಸಿಗೆ ಇಳಿದಿದ್ದಾರೆ.